ದೋರನಹಳ್ಳಿಗೊಂದು ನೀರಿನ ಕಟ್ಟಳೆ

ದೋರನಹಳ್ಳಿ ಎಂದೊಡನೆ ದಕ್ಷಿಣದ ಓದುಗರಿಗೆ ಮೈಸೂರು ಜಿಲ್ಲೆಯ ಸಂತ ಅಂತೋಣಿಯವರ ಬೆಸಿಲಿಕಾ ನೆನಪಾಗುವುದು ಸಹಜ. ಅದೇ ಹೆಸರಿನ ಇನ್ನೊಂದು ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಬಯಲುಸೀಮೆಯ ಹಳ್ಳಿಯ ಕಷ್ಟಸುಖ ಮಲೆಯ ಜನರಿಗೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ನದಿಗಳಲ್ಲಿದೆ. ಊರಿನ ದಕ್ಷಿಣಕ್ಕೆ ಕೃಷ್ಣೆ, ಪೂರ್ವಕ್ಕೆ ಭೀಮೆ. ಒಂದು ಮಹಾಬಲೇಶ್ವರದಲ್ಲಿ, ಇನ್ನೊಂದು ಭೀಮಾಶಂಕರದಲ್ಲಿ ಹುಟ್ಟುತ್ತದೆ. ಎರಡೂ ಸಹ್ಯಾದ್ರಿಯ ಮಕ್ಕಳೇ. ಮಲೆಯಲ್ಲಿ ಸುರಿದ ಮಳೆ ಬಯಲಿನಲ್ಲಿ ಏನಾಗುತ್ತದೆ ಎಂಬುದನ್ನು ಅರಿಯುವುದು ಮಲೆಯವರ ಕರ್ತವ್ಯವೂ ಹೌದು.

ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಈ ನಾಡಿನಲ್ಲಿ ಬದುಕು ಸದಾ ನೀರಿನ ಸುತ್ತಲೇ ಸುತ್ತಿದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಮಾನವರ ಕಲ್ಲಿನ ಆಯುಧಗಳನ್ನು ಬೆಳಕಿಗೆ ತಂದಿತು. ಬೇಸಿಗೆಯಲ್ಲಿ ಆ ಜನ ಬತ್ತದ ಒರತೆಗಳ ಬಳಿ ಸೇರುತ್ತಿದ್ದರೆಂಬುದು ಅವರ ವಿವೇಚನೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಕಲ್ಲಿನ ಸಾಲುಗಳಿವೆ. ಸುರಪುರದ ಬೋನಾಳ ಕೆರೆ ಅರಸರ ಕಾಲದ್ದು. ಇಂದು ಅದು ಪಕ್ಷಿಧಾಮ. ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟ ಇದೆಲ್ಲಕ್ಕೂ ಸಾಕ್ಷಿಯಾಗಿ ನಿಂತಿದೆ.

ಈ ಎರೆಭೂಮಿಯ ಬೇಸಾಯವು ಮಿತಿಯನ್ನು ಬಲ್ಲ ಬೇಸಾಯವಾಗಿತ್ತು. ಮುಂಗಾರಿಗೆ ಹೆಸರು, ತೊಗರಿ, ಸಜ್ಜೆ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ಹಸಿಯನ್ನೇ ಉಂಡು ಬೆಳೆಯುತ್ತದೆ. ತೆನೆ ಮನುಷ್ಯರಿಗೆ, ಕಣಿಕೆ ದನಗಳಿಗೆ. ಬೆಳಗಾಗುತ್ತಲೇ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಬುತ್ತಿಯಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂತಾಯಿಗೆ ಉಣಿಸಿ, ಬಳಿಕ ತಾವು ಉಣ್ಣುವ ಪದ್ಧತಿ ಈ ಬಾಳ್ವೆಯದೇ ಕೂಸು. ಆದರೆ ಅದನ್ನು ಸುಖದ ಕಾಲವೆಂದು ಬಣ್ಣಿಸುವುದು ತಪ್ಪಾದೀತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಗುಳೆ ಹೋಗುವುದೇ ಬಡವರ ಪಾಲಿಗೆ ಉಳಿದ ದಾರಿಯಾಗಿತ್ತು.

ಆದ್ದರಿಂದಲೇ ಕೃಷ್ಣಾ ಮೇಲ್ದಂಡೆ ಯೋಜನೆ ಈ ಭಾಗಕ್ಕೆ ದೊಡ್ಡ ಭರವಸೆಯಾಗಿ ಬಂದಿತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಎಡದಂಡೆ ಕಾಲುವೆಯೂ ಅದರ ಶಾಖಾ ಕಾಲುವೆಗಳೂ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ನೀರು ತಂದವು. ಹೆಚ್ಚು ಜನರ ಹೊಲಕ್ಕೆ ಸ್ವಲ್ಪ ಸ್ವಲ್ಪ ನೀರು, ಅರೆ ನೀರಾವರಿ ಬೆಳೆಗೆ ಆಸರೆ ಎಂಬುದು ಯೋಜನೆಯ ಮೂಲ ಆಶಯ. ಆದರೆ ಕಾಲುವೆಯ ತಲೆಭಾಗದಲ್ಲಿ ನೀರು ಕಂಡವರು ಭತ್ತ ನಾಟಿ ಮಾಡಿದರು. ಅವರನ್ನು ದೂರುವುದು ಸುಲಭ. ಆದರೆ ಖಚಿತವಾದ ಬೆಳೆಯನ್ನು ಯಾವ ರೈತ ತಾನೇ ಬೇಡವೆನ್ನುತ್ತಾನೆ? ಪರಿಣಾಮ ಮಾತ್ರ ಎರಡು ಕಡೆಯಲ್ಲಿಯೂ ಕಾಣುತ್ತದೆ. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ತಲುಪುವುದಿಲ್ಲ. ತಲೆಭಾಗದಲ್ಲಿ, ಬೇಗ ಬಸಿಯದ ಎರೆಮಣ್ಣಿನಲ್ಲಿ ನೀರು ನಿಂತು ಅಂತರ್ಜಲ ಮೇಲೇರುತ್ತದೆ. ಜೊತೆಗೆ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ನೆಲದ ಮೇಲೆ ಬಿಳಿಯ ಪೊರೆಯಾಗಿ ಉಳಿಯುತ್ತದೆ. ಇದೇ ಸವಳು-ಜವಳು. ಒಬ್ಬನಿಗೆ ನೀರಿಲ್ಲದೆ ಕೇಡು, ಇನ್ನೊಬ್ಬನಿಗೆ ನೀರಿನಿಂದಲೇ ಕೇಡು.

ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಪುಟ್ಟ ಹಳ್ಳಿಯನ್ನು ಇಲ್ಲಿ ನೆನೆಯಬೇಕು. ಆಲ್ಪ್ಸ್ ಪರ್ವತಗಳ ನಡುವೆ ವಾಲೆ ಪ್ರಾಂತದ ಕಡಿದಾದ ಇಳಿಜಾರಿನಲ್ಲಿ, ಸುಮಾರು 1500 ಮೀಟರ್ ಎತ್ತರದಲ್ಲಿರುವ ಆ ಊರೂ ಮಳೆ ನೆರಳಿನದೇ. ದೂರದ ತೊರೆಗಳಿಂದ ತೋಡಿನಲ್ಲಿ ನೀರು ತಂದು ಸರದಿಯಂತೆ ಹಂಚಿಕೊಂಡು ಹುಲ್ಲು, ಧಾನ್ಯ ಬೆಳೆದವರು ಅಲ್ಲಿನ ಜನ. 1517ರಲ್ಲಿ ಅವರು ಒಂದು ಕಟ್ಟಳೆ ಬರೆದುಕೊಂಡರು: ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅದಕ್ಕಿಂತ ಹೆಚ್ಚಿನ ಹಸುಗಳನ್ನು ಯಾರೂ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಕೂಡದು. ಇದನ್ನು ಅರಸನೋ ಅಧಿಕಾರಿಯೋ ಹೇರಲಿಲ್ಲ. ಊರವರೇ ಮಾಡಿದರು, ಊರವರೇ ಕಾದರು, ಮೀರಿದವರಿಗೆ ದಂಡ ಹಾಕಿದರು. ಎಲಿನೋರ್ ಆಸ್ಟ್ರಮ್ ತಮ್ಮ 1990ರ ಕೃತಿಯಲ್ಲಿ ಈ ಊರನ್ನು ಉದಾಹರಿಸಿ, ಎಲ್ಲರ ಸೊತ್ತು ಹಾಳಾಗಲೇಬೇಕೆಂಬ ನಿಯಮವಿಲ್ಲ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಟೋರ್ಬೆಲ್‌ನ ಕಟ್ಟಳೆಯನ್ನು ದೋರನಹಳ್ಳಿಯ ಸೀಮೆಗೆ ಹಾಗೆಯೇ ತಂದು ನೆಡಲಾಗದು. ಅದು ಕೆಲವು ನೂರು ಜನರ ಊರು. ಇದು ಹಲವು ತಾಲ್ಲೂಕುಗಳಿಗೆ ಹರಿಯುವ ಕಾಲುವೆ. ಆದರೆ ಒಂದೊಂದು ವಿತರಣಾ ಕಾಲುವೆಯ ಮಟ್ಟದಲ್ಲಿ ಅದರ ತಿರುಳು ಸಾಧ್ಯ. 2000ನೇ ಇಸವಿಯ ತಿದ್ದುಪಡಿಯಿಂದ ರಾಜ್ಯದ ನೀರಾವರಿ ಕಾಯ್ದೆಯಲ್ಲಿಯೇ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶವಿದೆ. ಅವು ಕಡತದ ಸಂಘಗಳಾಗದೆ ನಿಜವಾದ ಸಂಘಗಳಾಗಬೇಕು. ಕೊನೆಯಂಚಿನ ರೈತರಿಗೂ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಅಲ್ಲಿ ಮಾತಿರಬೇಕು. ಎಷ್ಟು ಎಕರೆ ಭತ್ತ, ಯಾರ ಸರದಿ ಎಂದು ಎಂಬುದನ್ನು ಬಿತ್ತನೆಗೆ ಮುನ್ನವೇ ಊರವರು ಬರೆದುಕೊಳ್ಳಬೇಕು. ಸರ್ಕಾರವೂ ಜೋಳ, ತೊಗರಿಗೆ ನ್ಯಾಯವಾದ ಬೆಲೆಯನ್ನು ಖಾತರಿಪಡಿಸಬೇಕು. ಬೆಲೆಯಿಲ್ಲದ ಬೆಳೆಯನ್ನು ಬೆಳೆಯಿರೆಂದು ರೈತನಿಗೆ ಬೋಧಿಸುವುದು ನೀತಿಯಲ್ಲ.

2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷ ಮತ್ತೆ ಬರುತ್ತದೆ. ಆಗ ಕಾಲುವೆಯ ಗೇಟಿನ ಬಳಿ ಜಗಳಕ್ಕೆ ನಿಲ್ಲುವುದಕ್ಕಿಂತ, ನೀರಿರುವಾಗಲೇ ಕೂತು ಮಾತಾಡುವುದು ಮೇಲು. ಮಲೆಯ ಹಳ್ಳಿಗಳಿಗೂ ಈ ಪಾಠ ಸಲ್ಲುತ್ತದೆ. ಗೋಮಾಳ, ಸೊಪ್ಪಿನ ಬೆಟ್ಟ, ಹಳ್ಳದ ಕಟ್ಟ ಇವುಗಳಿಗೆ ಊರೇ ಕಟ್ಟಳೆ ಮಾಡಿಕೊಳ್ಳದಿದ್ದರೆ, ಮೊದಲು ಸೊರಗುವುದು ಅಲ್ಲಿಯ ಹೊಳೆ. ಆಮೇಲೆ ಕೆಳಗಿನ ಯಾವುದೋ ದೋರನಹಳ್ಳಿ.