ಧರ್ಮರಾಯನ ನಾಯಿಯೂ ನಮ್ಮ ಕರಿಯನೂ

ನಮ್ಮ ಮಗನು ತನ್ನ ಮೋಟಾರು ವ್ಯಾನಿನಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿರುವನು. ಕಳೆದ ಮಾಘದಲ್ಲಿ ಹಳೆಯ ಮಿತ್ರರನ್ನು ಕಾಣಲೆಂದು ಅದರಲ್ಲಿಯೇ ಬಳ್ಳಾರಿಯಿಂದ ಹೊರಟೆವು; ನಾಯಿ ಕರಿಯನೂ ಜೊತೆಗೂಡಿದನು. ಈ ಸೀಮೆಯ ಬಿಸಿಲಿನಲ್ಲಿ ಮುಚ್ಚಿದ ಬಂಡಿಯೊಳಗೆ ಮೂಕಪ್ರಾಣಿಯನ್ನು ಬಿಡುವುದು ಕೊಲೆಗೆ ಸಮಾನ. ಆದುದರಿಂದ ನಾವಿಳಿದಲ್ಲೆಲ್ಲ ಅವನನ್ನೂ ಇಳಿಸಿದೆವು.

ಸಿರುಗುಪ್ಪದಲ್ಲಿ, ತುಂಗಭದ್ರಾ ಕಾಲುವೆಯ ನೀರುಂಡ ಗದ್ದೆಗಳ ನಡುವೆ, ಮಿತ್ರರೊಬ್ಬರು ಆದರದಿಂದ ಉಣಬಡಿಸಿದರು. ಮರಳುವಾಗ ಸಿಂದ ಅರಸರಾಳಿದ ಕುರುಗೋಡು ಸಿಕ್ಕಿತು. ಏಕಶಿಲೆಯ ದೊಡ್ಡ ಬಸವಣ್ಣನಿಗೆ ಕೈಮುಗಿದೆವು. ಮುಂದಿನ ಹೆಜ್ಜೆ ಮಾತ್ರ ಏಳಲಿಲ್ಲ. ಒಂದು ಸಾಲದ ಮಾತಿಗಾಗಿ 12 ವರ್ಷ ಮಾತು ಬಿಟ್ಟಿದ್ದ ಸಹಪಾಠಿಯ ಮನೆ ಅದೇ ಬೀದಿಯಲ್ಲಿತ್ತು.

ಬಾಗಿಲವರೆಗೆ ಹೋಗಿ ನಿಂತೆವು. ಕರಿಯನು ಹಗ್ಗ ಬಿಡಿಸಿಕೊಂಡು ಒಳನುಗ್ಗಿ ಅಂಗಳದ ಬಕೀಟಿಗೆ ಬಾಯಿಟ್ಟನು.

"ಯಾರದಪ್ಪಾ ಈ ನಾಯಿ?"

"ನಮ್ಮದು" ಎಂದೆವು.

ಮುದುಕನು ಹೊರಬಂದು ಬಹಳ ಹೊತ್ತು ನೋಡಿದನು. "ಅದಕ್ಕಿರುವ ಬುದ್ಧಿ ನಿನಗಿಲ್ಲವಲ್ಲೋ! ಒಳಗೆ ಬಾ."

ಮಹಾಪ್ರಸ್ಥಾನದಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದನಷ್ಟೆ. ನಮ್ಮನ್ನಾದರೋ ನಾಯಿಯೇ ಒಳಕ್ಕೆ ಕರೆದೊಯ್ದಿತು. ವಾಚಕರೆ, ಮುನಿದ ಮಿತ್ರನ ಮನೆ ನಿಮ್ಮ ದಾರಿಯಲ್ಲಿದ್ದರೆ ನಾಯಿಗಾಗಿ ಕಾಯಬೇಡಿರಿ.