ಬೃಹತ್ ಉದ್ಯೋಗ ಕಟ್ಟಡಗಳಲ್ಲಿ ಸರ್ವರಿಗೂ ತಿಳಿಯುವ ನಿರ್ಗಮನ ಫಲಕಗಳು: ಒಂದು ವಿಶ್ಲೇಷಣೆ

ಹಿನ್ನೆಲೆ:
ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ದಿನಾಂಕ 23-02-2010ರಂದು ಸಂಭವಿಸಿದ ಅಗ್ನಿ ಅವಘಡದಲ್ಲಿ 9 ಜನರು ಮೃತಪಟ್ಟರು. ಹೊಗೆ ಆವರಿಸಿದ್ದರಿಂದ ದಾರಿ ಕಾಣದೆ ಕೆಲವರು ಕಿಟಕಿಗಳಿಂದ ಕೆಳಗೆ ಹಾರಿದರು. ದೃಷ್ಟಿಯುಳ್ಳವರ ಹಾಗೂ ನಡೆಯಬಲ್ಲವರ ಸ್ಥಿತಿಯೇ ಹೀಗಾದಲ್ಲಿ, ಇಂತಹ ಕಟ್ಟಡಗಳಲ್ಲಿ ಉದ್ಯೋಗ ನಿರ್ವಹಿಸುವ ವಿಕಲಚೇತನರ ಸುರಕ್ಷತೆಯ ಬಗ್ಗೆ ಪ್ರತ್ಯೇಕವಾಗಿ ಆಲೋಚಿಸುವುದು ಅವಶ್ಯವಾಗಿರುತ್ತದೆ.

ಕಾನೂನಿನ ಸ್ಥಿತಿ:
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ 'ಸಾರ್ವಜನಿಕ ಕಟ್ಟಡ' ಎಂಬ ಪದವು ಸಾರ್ವಜನಿಕರು ಬಳಸುವ ಖಾಸಗಿ ಉದ್ಯೋಗ ಸ್ಥಳಗಳನ್ನೂ ಒಳಗೊಂಡಿದೆ. ಪ್ರಕರಣ 44ರ ಪ್ರಕಾರ, ನಿಗದಿತ ಸುಗಮ್ಯತಾ ನಿಯಮಗಳಿಗೆ ಅನುಗುಣವಾಗಿರದ ನಕ್ಷೆಗೆ ಅನುಮತಿಯನ್ನಾಗಲಿ, ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರವನ್ನಾಗಲಿ ನೀಡತಕ್ಕದ್ದಲ್ಲ. ಪ್ರಕರಣ 89ರ ಪ್ರಕಾರ, ಮೊದಲ ಉಲ್ಲಂಘನೆಗೆ ರೂ. 10,000ದವರೆಗೆ, ನಂತರದ ಉಲ್ಲಂಘನೆಗಳಿಗೆ ರೂ. 50,000ದಿಂದ ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ಆದರೆ 2017ರ ನಿಯಮಗಳಲ್ಲಿನ ಮಾನದಂಡಗಳು ಬಹುಮಟ್ಟಿಗೆ ಮಾರ್ಗಸೂಚಿಗಳ ರೂಪದಲ್ಲಿದ್ದವು. ಮಾರ್ಗಸೂಚಿ ಎಂದರೆ ಇಷ್ಟವಿದ್ದಲ್ಲಿ ಪಾಲಿಸುವ ಸಲಹೆ ಎಂಬ ಭಾವನೆಗೆ ಇದು ಎಡೆಮಾಡಿತು. ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 08-11-2024ರಂದು ತೀರ್ಪು ನೀಡಿ, ನಿಯಮ 15(1) ಮೂಲ ಅಧಿನಿಯಮಕ್ಕೆ ವಿರುದ್ಧವಾಗಿದೆಯೆಂದು ಘೋಷಿಸಿತು. ಕಡ್ಡಾಯ ನಿಯಮಗಳನ್ನು 3 ತಿಂಗಳೊಳಗೆ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು.

ಫಲಕಗಳಲ್ಲಿನ ಕೊರತೆಗಳು:
ಬಾಗಿಲ ಮೇಲಿನ ಫಲಕವು ಕಣ್ಣಿಗೆ ಮಾತ್ರ ತಿಳಿಯುತ್ತದೆ. ಹೊಗೆಯು ಮೊದಲು ಚಾವಣಿಯ ಕೆಳಗೆ ಶೇಖರವಾಗುವುದರಿಂದ ಅದೇ ಫಲಕ ಎಲ್ಲರಿಗಿಂತ ಮೊದಲು ಮರೆಯಾಗುತ್ತದೆ. ಆಗ ದೃಷ್ಟಿಯುಳ್ಳವರೂ ಗೋಡೆ ತಡವುತ್ತಲೇ ಸಾಗಬೇಕಾಗುತ್ತದೆ. ಆದ್ದರಿಂದ ದೃಷ್ಟಿದೋಷವುಳ್ಳವರಿಗಾಗಿ ಅಳವಡಿಸುವ ಸ್ಪರ್ಶ ಫಲಕವು ಸರ್ವರಿಗೂ ಉಪಯುಕ್ತವಾಗಿರುತ್ತದೆ. ಇದಲ್ಲದೆ, ಗಾಲಿಕುರ್ಚಿ ಬಳಸುವವರನ್ನು ಫಲಕವು ಕೇವಲ ಮೆಟ್ಟಿಲಿನವರೆಗೆ ಕರೆದೊಯ್ದು ನಿಲ್ಲಿಸಿದಲ್ಲಿ ಅದರ ಉದ್ದೇಶ ಈಡೇರುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು:
1. ಫಲಕದಲ್ಲಿ ಕನ್ನಡ ಬರಹದೊಂದಿಗೆ ಚಿತ್ರಸಂಕೇತವಿರಲಿ. ವಿದ್ಯುತ್ ಕಡಿತವಾದರೂ ಬೆಳಗುವಂತಿರಲಿ.
2. ಕೈಗೆಟಕುವ ಎತ್ತರದಲ್ಲಿ ಬ್ರೈಲ್ ಹಾಗೂ ಉಬ್ಬು ಅಕ್ಷರಗಳ ಫಲಕ, ನೆಲದ ಸಮೀಪ ಹೊಳೆಯುವ ಪಟ್ಟಿಗಳಿರಲಿ.
3. ಎಚ್ಚರಿಕೆ ಗಂಟೆಯೊಂದಿಗೆ, ಶ್ರವಣದೋಷವುಳ್ಳವರಿಗಾಗಿ ಮಿನುಗುವ ದೀಪವಿರಲಿ.
4. ಮೆಟ್ಟಿಲು ಇಳಿಯಲಾಗದವರು ರಕ್ಷಣೆಗಾಗಿ ಕಾಯುವ ಸುರಕ್ಷಿತ ತಾಣ ಹಾಗೂ ಅದರ ದಾರಿಯನ್ನು ಪ್ರತ್ಯೇಕ ಫಲಕಗಳು ತೋರಿಸಲಿ.

ಉಪಸಂಹಾರ:
ಈ ವ್ಯವಸ್ಥೆಗಳನ್ನು ನಕ್ಷೆಯ ಹಂತದಲ್ಲಿಯೇ ಸೇರಿಸಿದಲ್ಲಿ ತಗಲುವ ವೆಚ್ಚ ಅಲ್ಪ. ಕಟ್ಟಡ ಪೂರ್ಣಗೊಂಡ ನಂತರ ಗೋಡೆ ಒಡೆದು ಸುರಕ್ಷಿತ ತಾಣ ನಿರ್ಮಿಸುವ ವೆಚ್ಚ ಅಧಿಕ. ಆದ್ದರಿಂದ ಕಟ್ಟಡ ಮಾಲೀಕರು ಇವುಗಳನ್ನು ನಕ್ಷೆಯಲ್ಲಿ ನಮೂದಿಸಿಯೇ ಅರ್ಜಿ ಸಲ್ಲಿಸಲು ಕೋರಲಾಗಿದೆ. ಕೊರತೆ ಕಂಡುಬಂದಲ್ಲಿ ಉದ್ಯೋಗಿಗಳು ಹಾಗೂ ಸಾರ್ವಜನಿಕರು ವಿಕಲಚೇತನರ ರಾಜ್ಯ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.