ಒಂದೇ ಅಚ್ಚಿನ ಎಂಟು ಹಡಗುಗಳು



ಬೈಲಹೊಂಗಲದ ಕಡೆಯ ಹಿರಿಯ ಸಹೋದರಿಯೊಬ್ಬರು ಕಳೆದ ತಿಂಗಳು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಯಜಮಾನರು 34 ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಕಾನ್‌ಸ್ಟಾಂಟಿನೋಪಲ್ ನಗರವು 1453ರಲ್ಲಿ ತುರ್ಕರ ವಶವಾದುದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವರು. ಆ ಊರನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ಅಮೆರಿಕದಲ್ಲಿ ನೆಲೆಸಿರುವ ಮಗ, ತಂದೆಗೆ ಎಪ್ಪತ್ತು ತುಂಬುವ ನಿಮಿತ್ತ ಇಬ್ಬರನ್ನೂ ಗ್ರೀಸ್ ಹಾಗೂ ಟರ್ಕಿಯ ಕಡೆಗೆ ಕಡಲಯಾನಕ್ಕೆ ಕಳುಹಿಸಬೇಕೆಂದು ಎರಡು ಸಂಸ್ಥೆಗಳ ಪುಸ್ತಿಕೆಗಳನ್ನು ತರಿಸಿಕೊಟ್ಟಿದ್ದಾನೆ. ಒಂದು ಓಷಿಯಾನಿಯಾ, ಇನ್ನೊಂದು ಅಜಾಮಾರಾ. "ಎರಡರಲ್ಲಿಯೂ ಹಡಗಿನ ಚಿತ್ರ ಒಂದೇ ತೆರನಾಗಿ ಕಾಣುತ್ತದೆ. ಯಜಮಾನರಿಗೆ ಮೊಣಕಾಲು ನೋವು. ನಾನು ತತ್ತಿಯನ್ನೂ ಮುಟ್ಟದವಳು. ಮಗನ ದುಡಿಮೆಯ ಹಣ ಹಾಳಾಗಬಾರದು. ಯಾವುದನ್ನು ಆರಿಸಲಿ? ಇಲ್ಲವೆ, ಹೋಗುವುದೇ ಬೇಡವೆಂದು ಬರೆದುಬಿಡಲೆ?" ಎಂದು ಆ ತಾಯಿ ಕೇಳಿದ್ದಾರೆ.

ಚಿತ್ರಗಳು ಒಂದೇ ತೆರನಾಗಿವೆಯೆಂದು ಅವರು ಕಂಡುದು ಭ್ರಮೆಯಲ್ಲ. ಅವು ನಿಜವಾಗಿಯೂ ಒಂದೇ ಅಚ್ಚಿನ ಹಡಗುಗಳು. ರೆನೇಸಾನ್ಸ್ ಕ್ರೂಸಸ್ ಎಂಬ ಸಂಸ್ಥೆಯು ಫ್ರಾನ್ಸ್ ದೇಶದ ಸ್ಯಾಂ ನಜೇರ್ ಊರಿನ ಹಡಗುಕಟ್ಟೆಯಲ್ಲಿ ಎಂಟು ಹಡಗುಗಳನ್ನು ಕಟ್ಟಿಸಿತು. ಆರ್ ಒನ್‌ನಿಂದ ಆರ್ ಎಯ್ಟ್‌ವರೆಗೆ ಅವುಗಳಿಗೆ ಬರಿಯ ಅಂಕಿಗಳೇ ಹೆಸರು. ಮೊದಲನೆಯದು 1998ರಲ್ಲಿ, ಕೊನೆಯದು 2001ರಲ್ಲಿ ನೀರಿಗಿಳಿದು ಯಾನಕ್ಕೆ ಸಿದ್ಧವಾದವು. ಪ್ರತಿಯೊಂದರ ಉದ್ದ 181 ಮೀಟರ್, ಒಟ್ಟು ಟನ್ನೇಜ್ 30 ಸಾವಿರಕ್ಕೆ ತುಸು ಮೇಲೆ, ಪ್ರಯಾಣಿಕರು ಸುಮಾರು 700. ಆದರೆ 2001ರ ಸೆಪ್ಟೆಂಬರ್ 11ರ ದುರಂತ ನಡೆದು ಎರಡು ವಾರ ಕಳೆಯುವುದರೊಳಗೆ, ಮೊದಲೇ ಸಾಲದ ಭಾರದಿಂದ ಬಾಗಿದ್ದ ಆ ಸಂಸ್ಥೆ ಬಾಗಿಲು ಮುಚ್ಚಿತು. ಹಡಗುಗಳು ಒಡೆಯನಿಲ್ಲದೆ ಲಂಗರು ಹಾಕಿ ನಿಂತವು.

ಮುಂದಿನ ಕಥೆ ನಮ್ಮ ಹಳೆಯ ವಾಡೆಗಳ ಪಾಲಿನ ಕಥೆಯಂತಿದೆ. 2002ರಲ್ಲಿ ಫ್ರಾಂಕ್ ಡೆಲ್ ರಿಯೊ ಮತ್ತು ಅವರ ಜೊತೆಗಾರರು ಓಷಿಯಾನಿಯಾವನ್ನು ಸ್ಥಾಪಿಸಿ, ಮರುವರ್ಷ ಈ ಹಡಗುಗಳಿಂದಲೇ ಕಾರ್ಯಾರಂಭ ಮಾಡಿದರು. ಡೆಲ್ ರಿಯೊ ಹಿಂದೆ ರೆನೇಸಾನ್ಸ್ ಸಂಸ್ಥೆಯಲ್ಲಿಯೇ ಹಿರಿಯ ಅಧಿಕಾರಿಯಾಗಿದ್ದವರು. 2007ರಲ್ಲಿ ರಾಯಲ್ ಕೆರಿಬಿಯನ್ ಎಂಬ ದೊಡ್ಡ ಸಂಸ್ಥೆಯು ಇನ್ನೆರಡು ಹಡಗುಗಳಿಂದ ಅಜಾಮಾರಾವನ್ನು ಹುಟ್ಟುಹಾಕಿತು. ಉಳಿದವು ಕೈಯಿಂದ ಕೈಗೆ ದಾಟುತ್ತ ಹೆಸರು ಬದಲಿಸುತ್ತ ಹೋದವು. ಕೊನೆಗೆ 2022ರಲ್ಲಿ ಆನ್ವರ್ಡ್ ಎಂಬುದು ಅಜಾಮಾರಾವನ್ನು ಸೇರಿದಾಗ ಎಂಟು ಹಡಗುಗಳು ನಾಲ್ಕು-ನಾಲ್ಕಾಗಿ ಹಂಚಿಕೆಯಾದವು. ರೆಗಾಟಾ, ಇನ್‌ಸಿಗ್ನಿಯಾ, ನಾಟಿಕಾ, ಸಿರೇನಾ ಆ ಕಡೆ. ಜರ್ನಿ, ಕ್ವೆಸ್ಟ್, ಪರ್ಸ್ಯೂಟ್, ಆನ್ವರ್ಡ್ ಈ ಕಡೆ. ಅಜಾಮಾರಾ 2021ರಲ್ಲಿ ಸಿಕಮೋರ್ ಪಾರ್ಟ್ನರ್ಸ್ ಎಂಬ ಹೂಡಿಕೆದಾರರ ಕೈ ಸೇರಿತು. ಓಷಿಯಾನಿಯಾ 2014ರಿಂದ ನಾರ್ವೇಜಿಯನ್ ಸಮೂಹದ್ದು.

ಗೋಡೆಗಳು ಒಂದೇ ಆದ ಮೇಲೆ ಭೇದವಿರುವುದು ಮನೆತನದಲ್ಲಿ. ಒಬ್ಬರು ಅಡುಗೆಮನೆಯನ್ನು ಹಿಡಿದರು, ಇನ್ನೊಬ್ಬರು ಹೊಸ್ತಿಲನ್ನು ಹಿಡಿದರು.

ಓಷಿಯಾನಿಯಾದ ಹೆಮ್ಮೆಯೆಲ್ಲ ಊಟದ ಮೇಜಿನ ಮೇಲಿದೆ. ಫ್ರಾನ್ಸಿನ ಪ್ರಖ್ಯಾತ ಬಾಣಸಿಗ ಜಾಕ್ ಪೆಪಾಂ ಅವರು ಅದರ ಪಾಕಶಾಲೆಯ ಮೊದಲ ಮಾರ್ಗದರ್ಶಕರು. ಇಟಲಿಯ ಅಡುಗೆಯ ವಿಶೇಷ ಭೋಜನಶಾಲೆಗೂ ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಅಜಾಮಾರಾದಲ್ಲಿ ಸಾಧಾರಣ ಕೊಠಡಿಯವರು ಅಂತಹ ಶಾಲೆಗಳಿಗೆ ಬೇರೆ ಶುಲ್ಕ ತೆರಬೇಕು. 2017ರಲ್ಲಿ ಓಷಿಯಾನಿಯಾವು ಕೇವಲ ಸಸ್ಯಮೂಲದ 200ಕ್ಕೂ ಹೆಚ್ಚು ಖಾದ್ಯಗಳನ್ನು ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಸಹೋದರಿಗೆ ಇದು ದೊಡ್ಡ ಸಮಾಧಾನದ ಸಂಗತಿ. ಆದರೆ ಒಂದು ಎಚ್ಚರ ಬೇಕು. ಆ ಜನರ 'ಸಸ್ಯಾಹಾರ' ಎಂಬ ಮಾತಿನಲ್ಲಿ ತತ್ತಿಗೆ ಅವಕಾಶವುಂಟು. 'ಸಸ್ಯಮೂಲ' ಎಂದರೆ ಹಾಲು, ಮೊಸರು, ತುಪ್ಪವೂ ವರ್ಜ್ಯ. ನಮ್ಮ ಮನೆಗಳ ಊಟ ಇವೆರಡರ ನಡುವೆ ನಿಲ್ಲುತ್ತದೆ. ಆದ್ದರಿಂದ ಮಾಂಸ, ಮೀನು, ತತ್ತಿ ಇವುಗಳೊಂದಿಗೆ ಮಾಂಸದ ಸಾರಿನಲ್ಲಿ ಬೇಯಿಸಿದ ಅನ್ನ-ತರಕಾರಿಯೂ ಆಗದು, ಹಾಲು-ಮೊಸರು ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದು, ಹೊರಡುವುದಕ್ಕೆ ಬಹು ಮುಂಚೆಯೇ ಸಂಸ್ಥೆಗೆ ತಲುಪಿಸಬೇಕು. ಹಡಗನ್ನು ಏರಿದ ದಿನವೇ ಭೋಜನಶಾಲೆಯ ಮುಖ್ಯಸ್ಥನನ್ನು ಕಂಡು ಮತ್ತೊಮ್ಮೆ ಹೇಳಬೇಕು. ಇಷ್ಟು ಮಾಡಿದರೆ ಅಜಾಮಾರಾದಲ್ಲಿಯೂ ಉಪವಾಸ ಬೀಳುವ ಪ್ರಸಂಗ ಬಾರದು; ದಿನವೂ ಹೊಸ ಬಗೆ ಬೇಕೆಂಬ ಅಪೇಕ್ಷೆಯನ್ನು ಮಾತ್ರ ತುಸು ಬಿಡಬೇಕಾದೀತು.

ಬೆಳಗಿನ ಪೂಜೆಗೆ ಕೊಠಡಿಯಲ್ಲಿ ಅಡ್ಡಿಯಿಲ್ಲ. ದೀಪ, ಊದುಬತ್ತಿ, ಕರ್ಪೂರ ಹಚ್ಚುವುದಕ್ಕೆ ಮಾತ್ರ ಯಾವ ಹಡಗಿನಲ್ಲಿಯೂ ಅನುಮತಿ ಇರುವುದಿಲ್ಲ. ಬೆಂಕಿಯ ಭಯ ಸಮುದ್ರದ ನಡುವೆ ಎಲ್ಲಕ್ಕಿಂತ ದೊಡ್ಡದು.

ದರದ ವಿಷಯ ಬಂದಾಗ ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. 'ಮದ್ಯವೂ ಸೇರಿದೆ' ಎಂದು ಅಜಾಮಾರಾದ ಪುಸ್ತಿಕೆ ದೊಡ್ಡ ಅಕ್ಷರಗಳಲ್ಲಿ ಸಾರುತ್ತದೆ. ಆಯ್ದ ಮದ್ಯಗಳ ಬೆಲೆಯನ್ನು ಟಿಕೆಟ್ಟಿನಲ್ಲಿಯೇ ಸೇರಿಸಿರುವುದು ಅದರ ಹಳೆಯ ಪದ್ಧತಿ. ಕುಡಿಯುವವರಿಗೆ ಅದು ಉಡುಗೊರೆ. ಕುಡಿಯದವರಿಗೆ, ಮುಟ್ಟದ ಪಾತ್ರೆಯ ಬೆಲೆಯನ್ನು ತೆತ್ತಂತೆ. ಎರಡು ಪುಸ್ತಿಕೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಬಹುಜನರು ಈ ಬಾಬನ್ನು ಲಾಭದ ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಮಾಸ್ತರರ ಮನೆಯವರು ಅದನ್ನು ಹೊಡೆದುಹಾಕಿ ಲೆಕ್ಕ ಮಾಡಲಿ. ಸೇವಕರ ಭಕ್ಷೀಸು ಅಜಾಮಾರಾದಲ್ಲಿ ಮುಂಚಿನಿಂದಲೂ ದರದೊಳಗೇ ಇದೆ. ಓಷಿಯಾನಿಯಾ 2025ರಿಂದ ಸೇರಿಸಿಕೊಂಡಿತು.

ಇನ್ನು ಹೊಸ್ತಿಲಿನ ಮಾತು. ಅಜಾಮಾರಾದ ವೈಶಿಷ್ಟ್ಯವೆಂದರೆ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದು. ಸಾಮಾನ್ಯವಾಗಿ ವಿಹಾರದ ಹಡಗುಗಳು ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಾರು ಗಂಟೆಗೆ ಹೊರಟುಬಿಡುತ್ತವೆ. ಅಜಾಮಾರಾ ಅನೇಕ ಊರುಗಳಲ್ಲಿ ರಾತ್ರಿ ಹತ್ತರವರೆಗೆ ನಿಲ್ಲುತ್ತದೆ. ಕೆಲವೆಡೆ ರಾತ್ರಿಯನ್ನೇ ಕಳೆದು ಮರುದಿನ ಹೊರಡುತ್ತದೆ.

ಈ ಗಂಟೆಗಳ ಬೆಲೆಯೇನೆಂಬುದನ್ನು ನಮ್ಮ ಕರಾವಳಿಯಿಂದಲೇ ತಿಳಿಯಬಹುದು. ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶಿ ವಿಹಾರನೌಕೆಗಳು ಬರುತ್ತವೆ. 2023ರ ಡಿಸೆಂಬರಿನಲ್ಲಿ ಓಷಿಯಾನಿಯಾದ ರಿವಿಯೆರಾ ಎಂಬ ದೊಡ್ಡ ಹಡಗು ಅಲ್ಲಿಗೆ ಬಂದಿತ್ತು. ಬಂದವರು ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಇವುಗಳಲ್ಲಿ ಎರಡನ್ನೋ ಮೂರನ್ನೋ ನೋಡಿ, ಸಂಜೆಯ ಹೊತ್ತಿಗೆ ಹಡಗನ್ನು ಏರುತ್ತಾರೆ. ಹಂಪಿಯಿಲ್ಲ, ಬಾದಾಮಿಯಿಲ್ಲ, ಬಸವಕಲ್ಯಾಣವಿಲ್ಲ. 'ಕರ್ನಾಟಕ ನೋಡಿ ಬಂದೆವು' ಎಂದು ಅವರು ತಮ್ಮ ಊರಿನಲ್ಲಿ ಹೇಳಿದರೆ ನಾವು ನಗುವುದಿಲ್ಲವೆ? ಇಸ್ತಾಂಬುಲ್ ನಗರವನ್ನು ಎಂಟು ಗಂಟೆಗಳಲ್ಲಿ ನೋಡಿ ಬಂದವರನ್ನು ಕಂಡು ಅಲ್ಲಿಯವರೂ ಹಾಗೆಯೇ ನಗುತ್ತಿರಬೇಕು.

ಆ ನಗರದಲ್ಲಿ ಹಯಾ ಸೋಫಿಯಾ ಒಂದಕ್ಕೇ ಅರ್ಧ ದಿನ ಬೇಕು. 537ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಪೂರೈಸಿದ ಇಗರ್ಜಿ, 1453ರಲ್ಲಿ ಮಸೀದಿ, 1935ರಿಂದ ವಸ್ತುಸಂಗ್ರಹಾಲಯ, 2020ರಲ್ಲಿ ಮತ್ತೆ ಮಸೀದಿ. ಮಾಸ್ತರರು ತಮ್ಮ ಮಕ್ಕಳಿಗೆ ಕಲಿಸಿದ ಪಾಠ ನಿಂತಿರುವುದು ಇನ್ನೂ ಆಚೆಗೆ, ಪಶ್ಚಿಮದ ಕಡೆಯ ಥಿಯೋಡೋಸಿಯಸ್ ಕೋಟೆಗೋಡೆಯಲ್ಲಿ. ಎರಡನೆಯ ಮೆಹಮದನ ಫಿರಂಗಿಗಳು ಒಡೆದುದು ಅದನ್ನು. ಒಂದು ಹಗಲಿನ ನಿಲುಗಡೆಯಲ್ಲಿ ಯಾವ ಮಾರ್ಗದರ್ಶಕನೂ ಅಲ್ಲಿಯವರೆಗೆ ಕರೆದೊಯ್ಯುವುದಿಲ್ಲ. ಎರಡು ಹಗಲು, ನಡುವೆ ಒಂದು ರಾತ್ರಿ ಸಿಕ್ಕರೆ ಮೊದಲ ದಿನ ಸೋಫಿಯಾ, ರಾತ್ರಿ ಹಡಗಿನಲ್ಲಿ ಮೊಣಕಾಲಿಗೆ ವಿಶ್ರಾಂತಿ, ಮರುದಿನ ಬೆಳಗ್ಗೆ ಬಾಡಿಗೆಯ ಕಾರಿನಲ್ಲಿ ಕೋಟೆ. ಮೊಣಕಾಲು ನೋವಿರುವವರಿಗೆ ಹೆಚ್ಚು ಹೊತ್ತಿನ ನಿಲುಗಡೆ ಭಾರವೆಂದು ನಾವು ಎಣಿಸುತ್ತೇವೆ. ಅವಸರವೇ ಅವರ ನಿಜವಾದ ಶತ್ರು.

ಹಾಗೆಂದು ಓಷಿಯಾನಿಯಾದ ಹಡಗುಗಳು ಎಲ್ಲಿಯೂ ರಾತ್ರಿ ನಿಲ್ಲುವುದಿಲ್ಲವೆಂದಲ್ಲ. ಅಜಾಮಾರಾದ ಪ್ರತಿ ಯಾನದಲ್ಲಿಯೂ ಇಸ್ತಾಂಬುಲ್ ರಾತ್ರಿಯಿದೆಯೆಂದೂ ಅಲ್ಲ. ಆದುದರಿಂದ ಸಂಸ್ಥೆಯ ಹೆಸರನ್ನು ನೋಡಿ ಹಣ ಕಟ್ಟಬಾರದು. ಆ ಯಾನದ ಸಮಯಪಟ್ಟಿಯಲ್ಲಿ ಪ್ರತಿ ಬಂದರಿನ ಆಗಮನ-ನಿರ್ಗಮನದ ಗಂಟೆಗಳನ್ನು ಕೂಡಿಸಿ ನೋಡಬೇಕು. ಹಡಗಿನ ಹೆಸರನ್ನೂ ನೋಡಬೇಕು. ಓಷಿಯಾನಿಯಾದ ಹೊಸ ಹಡಗುಗಳು, ಮರೀನಾದಿಂದ ಮೊದಲ್ಗೊಂಡು ವಿಸ್ಟಾ, ಅಲ್ಲೂರಾವರೆಗೆ, ಇಮ್ಮಡಿ ಗಾತ್ರದವು. 1,200ರಷ್ಟು ಜನರನ್ನು ಒಯ್ಯುತ್ತವೆ. ಏಳು ಸಾವಿರ ಜನರನ್ನು ಹೊರುವ ಇಂದಿನ ಮಹಾನೌಕೆಗಳ ಮುಂದೆ ಇವೆಲ್ಲವೂ ಸಣ್ಣವೇ ಸರಿ. ಆದರೆ 'ಸಣ್ಣದು' ಎಂಬುದು ಸಾಪೇಕ್ಷ. ಇಟಲಿ ಸರಕಾರವು 2021ರಲ್ಲಿ 25,000 ಟನ್ನೇಜ್ ಮೀರಿದ ಹಡಗುಗಳು ವೆನಿಸ್ ನಗರದ ಸ್ಯಾನ್ ಮಾರ್ಕೊ ಜಲಮಾರ್ಗದಲ್ಲಿ ಹಾಯುವುದನ್ನು ನಿಷೇಧಿಸಿತಷ್ಟೆ. ನಮ್ಮ ಈ ಎಂಟು 'ಸಣ್ಣ' ಹಡಗುಗಳೂ ಅದರೊಳಗೆ ಸಿಕ್ಕಿಬಿದ್ದವು. ಸ್ಪೇನಿನ ಸೆವಿಲ್‌ವರೆಗೆ ನದಿಯಲ್ಲಿ ಮೇಲೇರಿ ಹೋಗಲು ಮಾತ್ರ ಈ ಗಾತ್ರವೇ ಅನುಕೂಲ.

ಹಳೆಯ ಎಂಟರಲ್ಲಿ ಕೊಠಡಿಗಳು ಇಕ್ಕಟ್ಟು, ಸ್ನಾನದ ಜಾಗವಂತೂ ಬಹಳ ಇಕ್ಕಟ್ಟು. ಓಷಿಯಾನಿಯಾ ತನ್ನ ನಾಲ್ಕರಲ್ಲಿ ಸ್ನಾನಗೃಹಗಳನ್ನು ಹೊಸದಾಗಿ ಕಟ್ಟಿಸಿದೆ. ಮೊಣಕಾಲಿನ ಲೆಕ್ಕದಲ್ಲಿ ಇದು ಅದರ ಪರವಾದ ಅಂಶ. ಸಣ್ಣ ಹಡಗು ಅಲೆಗೆ ಹೆಚ್ಚು ತೂಗುತ್ತದೆ. ಗ್ರೀಸಿನ ಸಮುದ್ರದಲ್ಲಿ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಉತ್ತರದ ಗಾಳಿ ಜೋರು, ಬಿಸಿಲೂ ತೀಕ್ಷ್ಣ. ಮೇ ಅಥವಾ ಸೆಪ್ಟೆಂಬರ್ ಕೊನೆ ಲೇಸು. ಸ್ಯಾಂಟೊರಿನಿಯಂತಹ ದ್ವೀಪಗಳಲ್ಲಿ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಅಂತಹ ನಿಲುಗಡೆಗಳು ಎಷ್ಟೆಂದು ಮಗನು ಮೊದಲೇ ವಿಚಾರಿಸಲಿ.

ಹಣದ ಭದ್ರತೆಯ ಬಗ್ಗೆ ಒಂದು ಮಾತು. 2001ರಲ್ಲಿ ರೆನೇಸಾನ್ಸ್ ಮುಳುಗಿದಾಗ ಯಾನದ ನಡುವೆಯೇ ಜನರನ್ನು ಇಳಿಸಲಾಯಿತು. 2022ರಲ್ಲಿ ಕ್ರಿಸ್ಟಲ್ ಎಂಬ ಶ್ರೀಮಂತ ಸಂಸ್ಥೆಯೂ ಹಾಗೆಯೇ ಬಾಗಿಲು ಹಾಕಿ, ಮುಂಗಡ ಕೊಟ್ಟವರು ಕಂಗಾಲಾದರು. ಹಡಗು ಎಷ್ಟು ಸೊಗಸಾಗಿದ್ದರೂ ಅದರ ಹಿಂದಿನ ಲೆಕ್ಕಪತ್ರ ಪ್ರಯಾಣಿಕನಿಗೆ ಕಾಣುವುದಿಲ್ಲ. ಮಗನು ಕ್ರೆಡಿಟ್ ಕಾರ್ಡಿನ ಮೂಲಕ ಮುಂಗಡವನ್ನಷ್ಟೆ ಕೊಟ್ಟು, ಉಳಿದುದನ್ನು ಕೊನೆಯ ಗಡುವಿನವರೆಗೆ ತಡೆದಿಡಲಿ. ಸಂಸ್ಥೆ ದಿವಾಳಿಯಾದರೂ ಹಣ ಕೊಡುವ, ಚಿಕಿತ್ಸೆಯ ವೆಚ್ಚವನ್ನೂ ಭರಿಸುವ ವಿಮೆಯನ್ನು ಬೇರೆ ವಿಮಾ ಕಂಪನಿಯಿಂದ ಕೊಳ್ಳಲಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಅವರ ಶುಲ್ಕ ನಮ್ಮ ಊರಿನ ಶುಲ್ಕವಲ್ಲ. ಇನ್ನು ಗ್ರೀಸಿನಿಂದ ಟರ್ಕಿಗೆ ಹೋಗಿ ಮರಳಿ ಗ್ರೀಸಿಗೆ ಬಂದರೆ ಅದು ಎರಡನೆಯ ಪ್ರವೇಶ. ಆದ್ದರಿಂದ ಹಲವು ಸಲ ಪ್ರವೇಶಿಸಲು ಬರುವ ಶೆಂಗೆನ್ ವೀಸಾ ಕೇಳಬೇಕು. ಟರ್ಕಿಯ ವೀಸಾ ಬೇರೆಯದೇ ವಿಚಾರ.

ಸಹೋದರಿಯವರೇ, ಹೋಗುವುದು ಬೇಡವೆಂದು ಬರೆಯಬೇಡಿ. ನೀವೊಬ್ಬರೇ ಹೊರಟಿದ್ದರೆ ಓಷಿಯಾನಿಯಾ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತಿದ್ದೆ. ಆದರೆ ಈ ಯಾನ ಮಾಸ್ತರರ ಎಪ್ಪತ್ತರ ನಿಮಿತ್ತ. ಇಸ್ತಾಂಬುಲಿನಲ್ಲಿ ಒಂದು ರಾತ್ರಿ ನಿಲ್ಲುವ ಅಜಾಮಾರಾದ ಯಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಚಟ್ನಿಪುಡಿ, ಉಪ್ಪಿನಕಾಯಿಗಳ ಮೊಹರು ಮಾಡಿದ ಪೊಟ್ಟಣಗಳನ್ನು ಒಯ್ಯಬಹುದೆ ಎಂದು ಸಂಸ್ಥೆಯನ್ನು ಕೇಳಿನೋಡಿ. ಆ ನಾಲ್ಕರಲ್ಲಿ ಪರ್ಸ್ಯೂಟ್ ಎಂಬ ಹಡಗೇ ದೊರೆತರೆ ಮಾಸ್ತರರಿಗೆ ಒಂದು ಸುದ್ದಿ ಹೇಳಿರಿ: 2003ರಿಂದ 2007ರವರೆಗೆ ಅದು ಮಿನರ್ವಾ ಟು ಎಂಬ ಹೆಸರಿನಲ್ಲಿ ಸ್ವಾನ್ ಹೆಲೆನಿಕ್ ಸಂಸ್ಥೆಗಾಗಿ ಸಂಚರಿಸುತ್ತಿತ್ತು. ಇತಿಹಾಸದ ಉಪನ್ಯಾಸಕರನ್ನು ಜೊತೆಗೆ ಕರೆದೊಯ್ದು, ಬಂದರು ಸೇರುವ ಮುನ್ನ ಪ್ರಯಾಣಿಕರಿಗೆ ಪಾಠ ಹೇಳಿಸುವುದು ಆ ಸಂಸ್ಥೆಯ ಪದ್ಧತಿಯಾಗಿತ್ತು.